ದಸರೆಗೆ ಬಂದ 144 ಜನ, ವಿಪ್‌ಗೆ ಕಾಯುವ 224 ಜನ

ಇವತ್ತಿನ ಎಪಿಸೋಡ್ ಶುರುವಾಗೋದು ಒಂದು ಬಸ್ ಸ್ಟಾಪಿನಿಂದ, ಹೋಗಿ ಮುಟ್ಟೋದು 1881ರ ಮೈಸೂರಿಗೆ. ಬಸ್ಸಲ್ಲಿ ಕೂತು ಕೇಳ್ತಿದ್ರೆ ಇನ್ನೂ ಒಳ್ಳೇದು.

ನಮ್ಮಪ್ಪನಿಗೆ ಊರಿನ ಮುಖ್ಯರಸ್ತೆ ಪಕ್ಕ ಒಂದು ದಿನಸಿ ಅಂಗಡಿ ಇದೆ. ಬೆಳಿಗ್ಗೆ ಏಳೂವರೆಗೆ ಅಂಗಡಿ ಮುಂದೆ ಕಾಲೇಜಿಗೆ ಹೋಗೋ ಹುಡುಗಿಯರು ನಿಂತಿರ್ತಾರೆ. ಬಸ್ ನಿಲ್ಲಲ್ಲ. ಅದು ಅಧಿಕೃತ ನಿಲುಗಡೆ ಅಲ್ಲವಂತೆ. ಅಪ್ಪ ಒಂದು ಅರ್ಜಿ ಬರೆದು, ಊರಿನ ಎಪ್ಪತ್ತು ಜನರ ಸಹಿ ಹಾಕಿಸಿ, ಶಾಸಕರ ಕೈಗೇ ಕೊಟ್ಟು ಬಂದರು. ಅವರು ಅರ್ಜಿ ತಗೊಂಡು, ಬೆನ್ನು ತಟ್ಟಿ, "ಯಜಮಾನ್ರೇ, ಸದನದಲ್ಲೇ ಕೇಳ್ತೀನಿ ಬಿಡಿ" ಅಂದರು. ಇದಾಗಿ ಮೂರು ವರ್ಷ. ಅಪ್ಪ ಮೊನ್ನೆ ಫೋನಲ್ಲಿ ಕೇಳಿದರು: "ಏನಪ್ಪಾ, ಹಿಸ್ಟರಿ ಗಿಸ್ಟರಿ ಅಂತ ಮಾತಾಡ್ತಿರ್ತೀಯ. ನಾವು ವೋಟು ಹಾಕಿದವರು ಅಲ್ಲಿ ಕೂತು ಮಾಡೋದಾದ್ರೂ ಏನು?"

ನಾನು ಬಿ.ಕಾಂ ಓದಿದವನು. ಪ್ರಶ್ನೆ ಬಂದರೆ ಮೊದಲು ಹಳೇ ಲೆಕ್ಕದ ಪುಸ್ತಕ ತೆಗೆಯೋದು ಅಭ್ಯಾಸ. ಹಾಗೆ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಮೈಸೂರು ಪ್ರಜಾಪ್ರತಿನಿಧಿ ಸಭೆ.

ಹಿನ್ನೆಲೆ ಚಿಕ್ಕದಾಗಿ ಹೇಳ್ತೀನಿ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತಗೊಂಡರು. ಐವತ್ತು ವರ್ಷ ಆದಮೇಲೆ, 1881ರ ಮಾರ್ಚ್ 25ರಂದು, ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರ್ ಅವರಿಗೆ ವಾಪಸ್ ಕೊಟ್ಟರು. ಕೊಟ್ಟಿದ್ದು ಎಂಥ ರಾಜ್ಯ ಅಂದರೆ, 1876ರಿಂದ 78ರವರೆಗಿನ ಬರದಲ್ಲಿ ಬೆಂದುಹೋಗಿದ್ದ ರಾಜ್ಯ. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಖಜಾನೆ ಮೇಲೆ ಬರಗಾಲದ ಸಾಲವೇ 80 ಲಕ್ಷ ರೂಪಾಯಿ. ಬ್ರಿಟಿಷರಿಗೆ ವರ್ಷ ವರ್ಷ ಕಟ್ಟಬೇಕಾದ ಪೊಗದಿ ಬೇರೆ.

ಇಂಥ ಹೊತ್ತಲ್ಲಿ ದಿವಾನರಾಗಿದ್ದವರು ಸಿ. ರಂಗಾಚಾರ್ಲು. ಅದೇ ವರ್ಷ ಆಗಸ್ಟ್‌ನಲ್ಲಿ ಒಂದು ಆದೇಶ ಹೊರಟಿತು. ದಸರೆ ಮುಗಿದಮೇಲೆ ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಅನುಕೂಲಸ್ಥ ಹಿಡುವಳಿದಾರರು, ಪ್ರತಿ ಜಿಲ್ಲೆಯಿಂದ ಮೂರು-ನಾಲ್ಕು ಜನ ವರ್ತಕರು ಮೈಸೂರಿಗೆ ಬರಬೇಕು. ದಿವಾನರು ಅವರ ಮುಂದೆ ಹೋದ ವರ್ಷದ ಆಡಳಿತದ ಲೆಕ್ಕ ಇಡ್ತಾರೆ, ಮುಂದಿನ ವರ್ಷ ಏನು ಮಾಡ್ತೀವಿ ಅಂತ ಹೇಳ್ತಾರೆ. ಬಂದವರು ತಮ್ಮ ಕಷ್ಟ ಹೇಳಬಹುದು. 1881ರ ಅಕ್ಟೋಬರ್ 7ರಂದು 144 ಜನ ಸೇರಿದರು. ಬೆಂಗಳೂರು–ಮೈಸೂರು ರೈಲು ಹಾದಿ ಆಗಿನ್ನೂ ಪೂರ್ತಿ ಆಗಿರಲಿಲ್ಲ, ಅದು ಮುಗಿದದ್ದು ಮಾರನೇ ವರ್ಷ. ಹಾಗಾಗಿ ದೂರದ ತಾಲ್ಲೂಕಿನವರು ಎಷ್ಟು ದಿನ ಗಾಡಿಯಲ್ಲಿ ಕೂತು ಬಂದಿರಬೇಕು, ನೀವೇ ಲೆಕ್ಕ ಹಾಕಿ.

ಕಾಮರ್ಸ್ ಓದಿದವರಿಗೆ ಇದು ಗೊತ್ತಿರೋ ಚಿತ್ರವೇ. ಇದೊಂದು ಎ.ಜಿ.ಎಂ, ಕಂಪನಿಯ ವಾರ್ಷಿಕ ಮಹಾಸಭೆ. ವರದಿ ಓದ್ತಾರೆ, ಷೇರುದಾರರು ಎದ್ದು ಪ್ರಶ್ನೆ ಕೇಳ್ತಾರೆ. ಒಂದೇ ವ್ಯತ್ಯಾಸ, ಇಲ್ಲಿ ಷೇರುದಾರರಿಗೆ ಮತ ಇಲ್ಲ. ಡೈರೆಕ್ಟರನ್ನ ಇಳಿಸೋ ಹಾಗಿಲ್ಲ, ಖರ್ಚು ತಡೆಯೋ ಹಾಗಿಲ್ಲ. ಕೇಳಬಹುದು, ಅಷ್ಟೇ.

ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು. ಆ 144 ಜನರನ್ನು ಜನ ಆರಿಸಿರಲಿಲ್ಲ, ಲೋಕಲ್ ಫಂಡ್ ಬೋರ್ಡ್‌ಗಳು ಆರಿಸಿದ್ದವು. ಬಂದವರೆಲ್ಲ ಜಮೀನು, ವ್ಯಾಪಾರ ಇದ್ದವರು. ಕೂಲಿಯವರು, ಹೆಂಗಸರು, ದಲಿತರು ಆ ಸಭೆಯ ಲೆಕ್ಕದಲ್ಲೇ ಇರಲಿಲ್ಲ. ಬರದಲ್ಲಿ ಸತ್ತವರು ಯಾರ ಕಡೆಯವರು ಅಂತ ಯೋಚನೆ ಮಾಡಿದರೆ ಈ ಮಾತು ಎಷ್ಟು ಭಾರ ಅಂತ ಗೊತ್ತಾಗುತ್ತೆ. 1891ರಲ್ಲಿ ಚುನಾವಣೆ ಶುರುವಾಯಿತು, ನಿಜ. ಆದರೆ ಮತ ಇದ್ದದ್ದು ನಿಗದಿತ ಮೊತ್ತದ ಕಂದಾಯ ಕಟ್ಟುವವರಿಗೆ ಮತ್ತು ಪದವಿ ಓದಿದ ಕೆಲವರಿಗೆ. "ಭಾರತದ ಮೊದಲ ಪ್ರಜಾಪ್ರಭುತ್ವ ನಮ್ಮದೇ" ಅಂತ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡೋವಾಗ ಈ ಸಾಲನ್ನೂ ಸೇರಿಸಿ ಮಾರಾಯ್ರೇ.

ಆದರೂ ಆ ಸಭೆಯ ನಡಾವಳಿ ಓದೋಕೆ ಚಂದ. ಕೆರೆ ಏರಿ ಒಡೆದಿದೆ, ರಸ್ತೆ ಇಲ್ಲ, ಕಂದಾಯ ಜಾಸ್ತಿ, ಅರಣ್ಯದವರು ದನ ಮೇಯಿಸೋಕೆ ಬಿಡ್ತಿಲ್ಲ... ತಾಲ್ಲೂಕಿನ ಅಹವಾಲು, ಅದರ ಜೊತೆ ಸರ್ಕಾರದ ಉತ್ತರ. ಉತ್ತರ ಎಷ್ಟೋ ಸಲ "ಆಗಲ್ಲ" ಅಂತಲೇ ಇರುತ್ತೆ. ಆದರೆ ಅಚ್ಚಾಗಿ ಇರುತ್ತೆ. ನಮ್ಮಪ್ಪನ ಅರ್ಜಿಗೆ ಆ "ಆಗಲ್ಲ" ಕೂಡ ಬಂದಿಲ್ಲ.

ಅಲ್ಲಿಂದ ಮುಂದೆ ಜನ ಒಂದೊಂದೇ ಹಕ್ಕನ್ನು ಕಿತ್ತುಕೊಂಡರು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ, ಪ್ರತಿನಿಧಿ ಅಂದರೆ ಯಾವ ಜಾತಿಯ ಪ್ರತಿನಿಧಿ, ಕಚೇರಿಯಲ್ಲಿ ಕೂತವರೆಲ್ಲ ಯಾರು ಅಂತ ನೇರವಾಗಿ ಕೇಳಿತು. ಮಿಲ್ಲರ್ ಸಮಿತಿ ಬಂದದ್ದು ಅದರ ಬೆನ್ನಿಗೆ. 1923ರಲ್ಲಿ ಪ್ರತಿನಿಧಿ ಸಭೆಗೆ ಶಾಸನದ ಬಲ ಸಿಕ್ಕಿತು. ಹೊಸ ತೆರಿಗೆ ಹಾಕೋ ಮೊದಲು ಸಭೆಯನ್ನು ಕೇಳಬೇಕು ಅಂತಾಯ್ತು. ಗಮನಿಸಿ, ಆಗಲೂ ಕೇಳಬೇಕು ಅಂತಷ್ಟೇ, ಒಪ್ಪಿಸಬೇಕು ಅಂತಲ್ಲ. ಕೊನೆಗೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನ ಜನ ಬೀದಿಗಿಳಿದು 'ಮೈಸೂರು ಚಲೋ' ನಡೆಸಬೇಕಾಯ್ತು. 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿ ಆದರು. ಹಳೇ ಪ್ರತಿನಿಧಿ ಸಭೆ 1949ರಲ್ಲಿ ಮುಚ್ಚಿತು.

1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 17 ಕೋಟಿ 30 ಲಕ್ಷ ಮತದಾರರು. ಕಂದಾಯ ಕೇಳಲಿಲ್ಲ, ಡಿಗ್ರಿ ಕೇಳಲಿಲ್ಲ. ಇದು ಎಷ್ಟು ದೊಡ್ಡ ಜಿಗಿತ ಅಂತ, 144 ಜನರ ಪಟ್ಟಿ ನೋಡಿದ ಮೇಲೆ ನನಗೆ ಅರ್ಥ ಆಯ್ತು.

ಹಾಗಾದ್ರೆ ಅಪ್ಪನ ಪ್ರಶ್ನೆ?

ಮೊದಲು ಒಂದು ಭಾಗಾಕಾರ. 1881ರಲ್ಲಿ 42 ಲಕ್ಷ ಜನಕ್ಕೆ 144 ಪ್ರತಿನಿಧಿಗಳು, ಅಂದರೆ ಒಬ್ಬರಿಗೆ ಸುಮಾರು 29 ಸಾವಿರ ಜನ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ, ಶಾಸಕರು 224. ಒಬ್ಬರಿಗೆ 2 ಲಕ್ಷ 73 ಸಾವಿರ. ಲೋಕಸಭೆಗೆ ಬಂದರೆ ಇನ್ನೂ ಮಜಾ. ಮೊದಲ ಚುನಾವಣೆಯಲ್ಲಿ 489 ಸ್ಥಾನ, ಒಂದಕ್ಕೆ ಮೂರೂವರೆ ಲಕ್ಷ ಮತದಾರರು. 2024ರಲ್ಲಿ ಸುಮಾರು 97 ಕೋಟಿ ಮತದಾರರು, 543 ಸ್ಥಾನ. ಒಬ್ಬ ಸಂಸದರಿಗೆ ಹೆಚ್ಚು ಕಡಿಮೆ 18 ಲಕ್ಷ. ನಿಮ್ಮ ಸಂಸದರು ದಿನಕ್ಕೆ ನೂರು ಜನರನ್ನ ಮಾತಾಡಿಸಿದರೂ ಐದು ವರ್ಷದಲ್ಲಿ ಎರಡು ಲಕ್ಷ ಮುಟ್ಟಲ್ಲ.

ವೋಟು ಸೀಟಾಗಿ ಬದಲಾಗೋ ಲೆಕ್ಕವೂ ವಿಚಿತ್ರವೇ. 2018ರಲ್ಲಿ ನಮ್ಮಲ್ಲಿ ಕಾಂಗ್ರೆಸ್‌ಗೆ ಸುಮಾರು 38% ಮತ, ಕೊನೆಗೆ 80 ಸ್ಥಾನ. ಬಿಜೆಪಿಗೆ ಸುಮಾರು 36% ಮತ, 104 ಸ್ಥಾನ. ಮೋಸ ಯಾರೂ ಮಾಡಲಿಲ್ಲ, ಆಟದ ನಿಯಮವೇ ಹಾಗೆ. ಬೇರೆ ಬೇರೆ ಚುನಾವಣೆಯಲ್ಲಿ ಬೇರೆ ಬೇರೆ ಪಕ್ಷಕ್ಕೆ ಇದರ ಲಾಭ ಸಿಕ್ಕಿದೆ.

ಆದರೆ ನನ್ನನ್ನ ನಿಜವಾಗ್ಲೂ ಕಾಡಿದ್ದು ಇವೆರಡೂ ಅಲ್ಲ. ವಿಪ್.

1774ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗೆದ್ದ ಎಡ್ಮಂಡ್ ಬರ್ಕ್ ತನ್ನ ಮತದಾರರಿಗೇ ಒಂದು ಮಾತು ಹೇಳಿದ್ದ. ನಾನು ನಿಮ್ಮ ಅಪ್ಪಣೆ ಪಾಲಿಸೋ ಆಳಲ್ಲ, ನನ್ನ ವಿವೇಚನೆಯನ್ನೂ ನಿಮಗೆ ಕೊಡಬೇಕಾದವನು ಅನ್ನೋ ಅರ್ಥದ ಮಾತು. ಐರ್ಲೆಂಡ್ ಜೊತೆಗಿನ ವ್ಯಾಪಾರದ ವಿಷಯದಲ್ಲಿ ಬ್ರಿಸ್ಟಲ್ ವರ್ತಕರ ಇಷ್ಟಕ್ಕೆ ವಿರುದ್ಧವಾಗಿಯೇ ನಿಂತ. 1780ರಲ್ಲಿ ಸೋಲು ಖಚಿತ ಅಂತ ಗೊತ್ತಾಗಿ ಕಣದಿಂದ ಹಿಂದೆ ಸರಿದ. ಅವತ್ತಿಂದ ಚರ್ಚೆ ಇರೋದು ಇದೇ: ಪ್ರತಿನಿಧಿ ಕೇಳಬೇಕಾದ್ದು ಜನರ ಮಾತನ್ನೋ, ತನ್ನ ಮನಸ್ಸಿನ ಮಾತನ್ನೋ? ನಾವು ಮೂರನೇ ಉತ್ತರ ಕಂಡುಹಿಡಿದ್ವಿ. ಪಕ್ಷದ ಮಾತನ್ನು.

ಅದಕ್ಕೆ ಕಾರಣ ಇಲ್ಲದೇ ಇಲ್ಲ. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಎರಡು ವಾರದೊಳಗೆ ಮೂರು ಸಲ ಪಕ್ಷ ಬದಲಿಸಿದ. 'ಆಯಾ ರಾಮ್ ಗಯಾ ರಾಮ್' ಹುಟ್ಟಿದ್ದು ಅಲ್ಲಿಂದ. 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ಮಾಡಿ ಹತ್ತನೇ ಅನುಸೂಚಿ ಸೇರಿಸಿದರು, ಅದೇ ಪಕ್ಷಾಂತರ ನಿಷೇಧ ಕಾನೂನು. ಪಕ್ಷ ಬಿಟ್ಟರೆ ಮಾತ್ರ ಅಲ್ಲ, ಪಕ್ಷದ ವಿಪ್ ಮೀರಿ ಮತ ಹಾಕಿದರೂ, ಮತ ಹಾಕದೆ ಸುಮ್ಮನಿದ್ದರೂ ಸದಸ್ಯತ್ವ ಹೋಗಬಹುದು. ಪಕ್ಷ ಹದಿನೈದು ದಿನದೊಳಗೆ ಕ್ಷಮಿಸಿದರೆ ಬಚಾವ್. ಸರ್ಕಾರ ಉಳಿಯುತ್ತೋ ಬೀಳುತ್ತೋ ಅನ್ನೋ ಮತಕ್ಕೆ ಮಾತ್ರ ಅಲ್ಲ, ಯಾವ ಮಸೂದೆಗೆ ಬೇಕಾದರೂ ವಿಪ್ ಕೊಡಬಹುದು.

ರೋಗ ವಾಸಿಯಾಯ್ತಾ? 2019 ನೆನಪು ಮಾಡ್ಕೊಳ್ಳಿ. ಕರ್ನಾಟಕದ ಹದಿನೇಳು ಶಾಸಕರು ಅನರ್ಹರಾದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಉಪಚುನಾವಣೆಗೆ ನಿಲ್ಲೋಕೆ ಅಡ್ಡಿ ಇಲ್ಲ ಅಂದಿತು. ಡಿಸೆಂಬರ್‌ನಲ್ಲಿ ಅವರಲ್ಲಿ ಹೆಚ್ಚಿನವರು ಹೊಸ ಪಕ್ಷದಿಂದ ಗೆದ್ದು ಬಂದರು. ಅಂದರೆ ಒಟ್ಟಾಗಿ ಪಕ್ಷ ಬಿಡುವವನಿಗೆ ದಾರಿ ಇದೆ. ಪಕ್ಷದಲ್ಲೇ ಇದ್ದು, ಒಂದೇ ಒಂದು ಮಸೂದೆಗೆ "ಇದು ನನ್ನ ಕ್ಷೇತ್ರಕ್ಕೆ ಒಳ್ಳೇದಲ್ಲ" ಅಂತ ಕೈ ಎತ್ತುವವನಿಗೆ ದಾರಿ ಇಲ್ಲ. ಇದು ಉಲ್ಟಾ ಅಲ್ವಾ? 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ, ವಿಪ್ ಮೀರಿದ ಅನರ್ಹತೆಯನ್ನು ವಿಶ್ವಾಸಮತದಂಥ ಕೆಲವೇ ಮತದಾನಗಳಿಗೆ ಸೀಮಿತ ಮಾಡಿ ಅಂತ ಹೇಳಿತ್ತು. ನನಗೆ ಸರಿ ಅನ್ನಿಸೋದು ಅದೇ. ಯಾವ ಪಕ್ಷಕ್ಕೂ ಅದು ರುಚಿಸಿಲ್ಲ, ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

1881ರವರಿಗೆ ಬಾಯಿ ಇತ್ತು, ಕೈ ಇರಲಿಲ್ಲ. ಇವತ್ತಿನವರಿಗೆ ಕೈ ಇದೆ, ಅದರ ಕೀಲಿ ಪಕ್ಷದ ಕಚೇರಿಯಲ್ಲಿದೆ. ಇದನ್ನೇ ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಸ್ ನಿಲ್ಲಿಸಿ ಅಂತ ಕೇಳೋಕೂ ವಿಪ್ ಅಡ್ಡ ಬರುತ್ತೇನೋ?" ಅಂದರು.

ಬರಲ್ಲ. ಪ್ರಶ್ನೆ ಕೇಳೋಕೆ ಯಾರ ಅನುಮತಿಯೂ ಬೇಡ. ಅಪ್ಪನ ಒಂದು ಮಾತಿಗೆ ನನ್ನ ಅರ್ಧ ಎಪಿಸೋಡ್ ಅಲ್ಲಾಡಿಹೋಯ್ತು, ಆದರೂ ತೆಗೆಯದೆ ಹಾಗೇ ಇಟ್ಟಿದ್ದೀನಿ. ಕಾನೂನು ಕಟ್ಟಿಹಾಕಿದ್ದು ಮತವನ್ನು. ಬಾಯಿಯನ್ನು ಕಟ್ಟಿದ್ದು ಕಾನೂನಲ್ಲ. ಟಿಕೆಟ್ ಕೊಡೋದು ಪಕ್ಷ, ಗೆಲ್ಲಿಸೋದು ಚಿಹ್ನೆ ಅಂತಾದಾಗ, ಎಪ್ಪತ್ತು ಸಹಿಯ ಒಂದು ಕಾಗದಕ್ಕೆ ಎದ್ದು ನಿಂತು ಕೇಳೋ ತುರ್ತು ಶಾಸಕರಿಗೆ ಎಲ್ಲಿಂದ ಬರಬೇಕು?

ವಿಧಾನಸಭೆಯ ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ರಹಿತ ಪ್ರಶ್ನೆ ಅಂದರೆ ಏನು, ಉತ್ತರ ಹೇಗೆ ಸಿಗುತ್ತೆ ಅಂತ ಅಪ್ಪನಿಗೆ ಅರ್ಧ ಗಂಟೆ ವಿವರಿಸಿದೆ. ಅವರು ಅಂಗಡಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರ್ಕೊಂಡ್ರು. ಈಗ ಹೊಸ ಅರ್ಜಿ ರೆಡಿ ಆಗಿದೆ. "ಈ ವಿಷಯವನ್ನು ಲಿಖಿತ ಪ್ರಶ್ನೆಯಾಗಿ ಸದನದಲ್ಲಿ ಕೇಳಬೇಕು, ಉತ್ತರದ ಪ್ರತಿಯನ್ನು ನಮಗೆ ಕೊಡಬೇಕು" ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದಾರೆ. ಈ ಸಲ ಸಹಿ 112. ಆ ಹುಡುಗಿಯರೂ ಹಾಕಿದ್ದಾರೆ, ಅದರಲ್ಲಿ ಹತ್ತು ಜನಕ್ಕೆ ಇದೇ ವರ್ಷ ಹದಿನೆಂಟು ತುಂಬಿದೆಯಂತೆ.

ಉತ್ತರ ಬಂದರೆ ಇಲ್ಲೇ ಓದ್ತೀನಿ. ಮುಂದಿನ ವಾರ ಸಿಗೋಣ.