ತುಕ್ಕು ತಿಂದ ಫೋರ್ಡುಗಳ ಮರುಜನ್ಮ

ಈ ಮಳೆಗಾಲದಲ್ಲಿ ನಮ್ಮ ಶಾಲೆಯ ಗೇಟಿನ ಅಡಿಭಾಗ ಕೈಗೇ ಬಂತು. ಕಾಸರಗೋಡಿನ ಕಡಲ ಗಾಳಿ, ಮೇಲಿಂದ ನಾಲ್ಕು ತಿಂಗಳ ಮಳೆ... ಕಬ್ಬಿಣ ಎಷ್ಟು ದಿನ ತಾಳೀತು? ತುಕ್ಕಿನ ಪಾಠ ಹೇಗೂ ನಡೆಯುತ್ತಿತ್ತು, ಆ ಚೂರನ್ನೇ ತಂದು ಮೇಜಿನ ಮೇಲಿಟ್ಟೆ. ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಕೇಳಿದ: "ಇಷ್ಟು ಹಾಳಾದದ್ದನ್ನು ಗುಜರಿಗೇ ಹಾಕುವುದಾ ಸಾರ್?" ನಾನು ಯೋಚಿಸದೆ "ಮತ್ತೇನು ಮಾಡುವುದು?" ಎಂದುಬಿಟ್ಟೆ. ಆ ಹುಡುಗನ ಅಪ್ಪ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ವಾಹನಗಳ ತಗಡು ಕೆಲಸ ಮಾಡುವವರು ಎಂಬುದು ಆಮೇಲೆ ನೆನಪಾಯಿತು. ಅವನು ಮತ್ತೆ ಮಾತನಾಡಲಿಲ್ಲ.

ನನ್ನ ಉತ್ತರ ತಪ್ಪು. ಎಷ್ಟು ತಪ್ಪು ಎಂದು ತಿಳಿಯಬೇಕಾದರೆ ಅಮೆರಿಕದ ಹಾಟ್ ರಾಡ್ ಕಾರುಗಳ ಕಥೆ ಕೇಳಬೇಕು.

ಹಳೆಯ, ಅಗ್ಗದ ಕಾರೊಂದನ್ನು ತಂದು, ಬೇಡದ ಭಾಗಗಳನ್ನು ಕಿತ್ತೆಸೆದು, ಎಂಜಿನ್ನಿನ ಶಕ್ತಿ ಹೆಚ್ಚಿಸಿ ಓಡಿಸುವುದೇ ಹಾಟ್ ರಾಡ್. ಇದು ಹುಟ್ಟಿದ್ದು ಮುಖ್ಯವಾಗಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಮಾಡಿದವರು ಕಿಸೆಯಲ್ಲಿ ಕಾಸಿಲ್ಲದ ಹುಡುಗರು. ಹೆನ್ರಿ ಫೋರ್ಡ್ 1908ರಿಂದ 1927ರವರೆಗೆ ಸುಮಾರು 1.5 ಕೋಟಿ ಮಾಡೆಲ್ ಟಿ ಕಾರುಗಳನ್ನು ತಯಾರಿಸಿದ್ದ. ಅದರ ಬೆನ್ನಿಗೇ ಬಂದ ಮಾಡೆಲ್ ಎ ಸುಮಾರು 48 ಲಕ್ಷ. ಆರ್ಥಿಕ ಕುಸಿತದ 1930ರ ದಶಕದಲ್ಲಿ ಇವು ಹಿತ್ತಿಲು, ಹೊಲ, ಗುಜರಿ ಅಂಗಳಗಳಲ್ಲಿ ರಾಶಿ ಬಿದ್ದಿದ್ದವು. ಹುಡುಗರು ಅವುಗಳ ಮಡ್‌ಗಾರ್ಡ್, ಬಂಪರ್, ಕಾಲು ಮೆಟ್ಟಿಲು ಎಲ್ಲ ಬಿಚ್ಚಿ ಮ್ಯೂರಾಕ್, ಎಲ್ ಮಿರಾಜ್ ಎಂಬ ಒಣಗಿದ ಸರೋವರಗಳ ತಳದಲ್ಲಿ ಓಡಿಸಿ ವೇಗ ಅಳೆಯುತ್ತಿದ್ದರು. 1937ರಲ್ಲಿ ಅವರ ಕ್ಲಬ್ಬುಗಳೆಲ್ಲ ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿದವು.

1932ರಲ್ಲಿ ಫೋರ್ಡ್ 65 ಅಶ್ವಶಕ್ತಿಯ ವಿ-8 ಎಂಜಿನ್ನಿನ ಕಾರನ್ನು ತಂದ. ರೋಡ್‌ಸ್ಟರ್ ಎಂಬ ತೆರೆದ ಮಾದರಿಯ ಬೆಲೆ 500 ಡಾಲರಿಗೂ ಕಡಿಮೆ. "ಡ್ಯೂಸ್" ಎಂದು ಅಡ್ಡಹೆಸರು ಬಿದ್ದ ಈ ಕಾರಿಗೆ ಹಾಟ್ ರಾಡ್ ಲೋಕದಲ್ಲಿ ಸಿಕ್ಕಿದ ಗೌರವ ಬೇರೆ ಯಾವುದಕ್ಕೂ ಸಿಕ್ಕಿಲ್ಲ.

ಎಲ್ಲರೂ ಫೋರ್ಡನ್ನೇ ಏಕೆ ಹುಡುಕಿದರು? ಎಂಜಿನ್ ಒಂದು ಕಾರಣ. ಇನ್ನೊಂದು ಕಾರಣ ನಮ್ಮ ವಿಷಯಕ್ಕೆ ಸೇರಿದ್ದು. ಆ ಕಾಲದ ಅನೇಕ ಕಾರುಗಳ ಮೈ ಎಂದರೆ ಮರದ ಚೌಕಟ್ಟು, ಅದರ ಮೇಲೆ ಮೊಳೆ ಹೊಡೆದ ತಗಡು. ಷೆವ್ರೊಲೆಯಂಥ ಕಾರುಗಳಲ್ಲಿ 1930ರ ದಶಕದ ಮಧ್ಯದವರೆಗೂ ಒಳಗೆ ಮರವೇ ಇತ್ತು. ಇಪ್ಪತ್ತು ವರ್ಷ ಬಯಲಲ್ಲಿ ನಿಂತರೆ ಮರ ಕೊಳೆತು, ತಗಡು ನಿಲ್ಲಲು ಆಧಾರವಿಲ್ಲದೆ ಬಾಗಿಲು ಜೋತುಬೀಳುತ್ತಿತ್ತು. ಅದನ್ನು ಸರಿಮಾಡಲು ತಗಡಿನವನ ಜೊತೆಗೆ ಬಡಗಿಯೂ ಬೇಕು. ಫೋರ್ಡಿನಲ್ಲಿ ಮರ ಬಹಳ ಕಡಿಮೆ, ಹೆಚ್ಚಿನದೆಲ್ಲ ಉಕ್ಕು. ಉಕ್ಕಿಗೆ ತುಕ್ಕು ಹಿಡಿದೀತು, ಆದರೆ ಕತ್ತರಿಸಿ ಬೆಸೆಯಬಹುದು.

ಎರಡನೆಯ ಮಹಾಯುದ್ಧದಲ್ಲಿ ಗುಜರಿ ಸಂಗ್ರಹದ ಅಭಿಯಾನ ನಡೆದು ಅನೇಕ ಹಳೆಯ ಕಾರುಗಳು ಕುಲುಮೆ ಸೇರಿದವು. ಉಳಿದವನ್ನು ಯುದ್ಧದಿಂದ ಮರಳಿದ ಯುವಕರು ಕೊಂಡರು. ಸೇನೆಯಲ್ಲಿ ವೆಲ್ಡಿಂಗ್, ಎಂಜಿನ್ ರಿಪೇರಿ ಕಲಿತವರು ಅವರಲ್ಲಿ ಕಡಿಮೆಯಿರಲಿಲ್ಲ. 1948ರ ಜನವರಿಯಲ್ಲಿ ಹಾಟ್ ರಾಡ್ ಪತ್ರಿಕೆ ಹೊರಬಂತು, 1949ರಲ್ಲಿ ಬಾನವಿಲ್ ಉಪ್ಪು ಬಯಲಿನ ವೇಗದ ವಾರ ಶುರುವಾಯಿತು, 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಬೀದಿಯಲ್ಲಿ ಓಡಿಸಿ ಸಾಯುತ್ತಿದ್ದ ಹುಡುಗರನ್ನು ನಿಯಮವಿರುವ ಪಂದ್ಯಕ್ಕೆ ತರುವುದು ಇವರ ದೊಡ್ಡ ಚಿಂತೆಯಾಗಿತ್ತು.

ಈಗ ತುಕ್ಕಿಗೆ ಬರೋಣ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಇದು ಮಕ್ಕಳಿಗೆ ಗೊತ್ತು. ಉಪ್ಪು ಸೇರಿದರೆ ನೀರಿನ ವಿದ್ಯುತ್ ವಾಹಕತೆ ಹೆಚ್ಚಿ ಕೆಲಸ ಇನ್ನೂ ಬೇಗ. ನಮಗೆ ಉಪ್ಪು ಕಡಲಿನಿಂದ ಬರುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಜನರೇ ರಸ್ತೆಗೆ ಉಪ್ಪು ಸುರಿಯುತ್ತಾರೆ, ಚಳಿಗಾಲದ ಹಿಮ ಕರಗಲಿ ಎಂದು! ಯುದ್ಧದ ನಂತರ ಈ ರೂಢಿ ಹರಡಿತು, ಅಲ್ಲಿನ ಕಾರುಗಳ ಅಡಿಭಾಗ ಕರಗತೊಡಗಿತು. ಕ್ಯಾಲಿಫೋರ್ನಿಯಾ, ಅರಿಜೋನಾದ ಒಣ ಮರುಭೂಮಿಯಲ್ಲಿ ಬಿದ್ದ ಕಾರಿನ ಬಣ್ಣ ಸುಟ್ಟುಹೋಗಿರುತ್ತದೆ, ತಗಡು ಮಾತ್ರ ಗಟ್ಟಿ. ಆದ್ದರಿಂದಲೇ ಮರುಭೂಮಿಯ ಕಾರಿಗೆ ಬೇಡಿಕೆ ಹೆಚ್ಚು.

ತುಕ್ಕು ಎಲ್ಲೆಂದರಲ್ಲಿ ಹಿಡಿಯುವುದಿಲ್ಲ. ಬಾಗಿಲಿನ ತಳ, ಚಕ್ರದ ಹಿಂದಿನ ಮೂಲೆ, ಡಿಕ್ಕಿಯ ನೆಲ, ಮೈ ಬಂದು ಚಾಸಿಗೆ ಕೂರುವ ಪಟ್ಟಿ... ಹೀಗೆ ಮಣ್ಣು, ಎಲೆ ಸೇರಿ ಒದ್ದೆಯಾಗಿಯೇ ಇರುವ ಜಾಗಗಳಲ್ಲಿ ಮೊದಲು. ಬಾಗಿಲೊಳಗೆ ಇಳಿದ ನೀರು ಹೊರಹೋಗಲು ತಳದಲ್ಲಿ ತೂತುಗಳಿರುತ್ತವೆ. ಅವು ಕಟ್ಟಿಕೊಂಡವೋ, ಬಾಗಿಲು ತೊಟ್ಟಿಯಾಯಿತು.

ದುರಸ್ತಿಯ ಕ್ರಮ ಕೇಳಿ. ಅವಸರದವನು ನೇರ ಗ್ರೈಂಡರ್ ಹಿಡಿಯುತ್ತಾನೆ, ಕೆಡುತ್ತಾನೆ. ಬಲ್ಲವನು ಮೊದಲು ಕಾರಿನ ಮೈಯೊಳಗೆ ಕಬ್ಬಿಣದ ಕೊಳವೆಗಳನ್ನು ಅಡ್ಡಡ್ಡ ಬೆಸೆದು ಬಿಗಿಯುತ್ತಾನೆ. ತುಕ್ಕು ಹಿಡಿದ ತಳ ಕತ್ತರಿಸಿದ ಕೂಡಲೇ ಮೈ ಸಡಿಲಗೊಂಡು ಬಾಗುತ್ತದೆ, ಆಮೇಲೆ ಬಾಗಿಲು ಎಂದಿಗೂ ಸರಿಯಾಗಿ ಮುಚ್ಚಲಾರದು. ನಂತರ ಬಣ್ಣ, ತುಕ್ಕು ತೆಗೆಯಬೇಕು. ಮರಳು ಚಿಮ್ಮಿಸುವುದು ಬೇಗದ ದಾರಿ, ಆದರೆ ಒರಟಾಗಿ ಮಾಡಿದರೆ ಸುಮಾರು 1 ಮಿಲಿಮೀಟರ್ ದಪ್ಪದ ತಗಡು ಉಬ್ಬಿ ಸೊಟ್ಟಗಾಗುತ್ತದೆ. ಸಣ್ಣ ಭಾಗಗಳಿಗೆ ವಾಷಿಂಗ್ ಸೋಡಾ ಕಲಸಿದ ನೀರು, ಬ್ಯಾಟರಿ ಚಾರ್ಜರ್ ಸಾಕು. ತುಕ್ಕಿನ ತುಂಡನ್ನು ಋಣಧ್ರುವಕ್ಕೆ, ಬೇಡದ ಕಬ್ಬಿಣವನ್ನು ಧನಧ್ರುವಕ್ಕೆ ಕೊಟ್ಟರೆ ತುಕ್ಕು ಕಳಚಿ ಬೀಳುತ್ತದೆ. ಮಕ್ಕಳೇ, ಇದನ್ನು ಒಬ್ಬರೇ ಮಾಡಬೇಡಿ, ಹೊರಬರುವ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಇನ್ನೊಂದು ವಿಧಾನ ಕೇಳಿ ನಾನು ನಕ್ಕೆ: ಸಕ್ಕರೆ ಕಾರ್ಖಾನೆಯ ಕಾಕಂಬಿ! ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಭಾಗವನ್ನು ಕೆಲವು ವಾರ ಮುಳುಗಿಸಿಟ್ಟರೆ ತುಕ್ಕು ಮಾತ್ರ ಕರಗುತ್ತದೆ, ಒಳ್ಳೆಯ ಉಕ್ಕು ಉಳಿಯುತ್ತದೆ. ವಾಸನೆಯನ್ನು ನೆರೆಮನೆಯವರು ಸಹಿಸಬೇಕು, ಅಷ್ಟೆ.

ಆಮೇಲೆ ಕತ್ತರಿಸುವುದು. ಎಲ್ಲಿಯವರೆಗೆ? ಹೊಳೆಯುವ ಗಟ್ಟಿ ಉಕ್ಕು ಸಿಗುವವರೆಗೆ. ಲೋಭ ಮಾಡಿ ಅರ್ಧ ತಿಂದ ತಗಡಿಗೆ ಬೆಸೆದರೆ ಬೆಂಕಿ ತಾಗಿದಲ್ಲೆಲ್ಲ ತೂತು. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದೇ ಆಕಾರದ ತೇಪೆಯನ್ನು ಹೊಸ ತಗಡಿನಲ್ಲಿ ಮಾಡಿ, ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕು. ಒಂದರ ಮೇಲೊಂದು ಹೊದಿಸಿ ಬೆಸೆಯುವುದು ಸುಲಭ. ಆದರೆ ಎರಡು ಪದರಗಳ ನಡುವೆ ನೀರು ನಿಂತು ಕೆಲವೇ ವರ್ಷಗಳಲ್ಲಿ ಅದೇ ಜಾಗದಲ್ಲಿ ತುಕ್ಕು ಮರಳುತ್ತದೆ. ಬೆಸುಗೆಯೂ ಒಂದೇ ಗೆರೆಯಾಗಿ ಎಳೆಯುವುದಲ್ಲ. ಇಲ್ಲೊಂದು ಚುಕ್ಕೆ, ದೂರದಲ್ಲಿ ಇನ್ನೊಂದು ಚುಕ್ಕೆ, ತಣಿಯಲು ಬಿಟ್ಟು ಮತ್ತೆ ನಡುವೆ ಒಂದು. ಬೆಸುಗೆ ತಣಿದಾಗ ಕುಗ್ಗಿ ತಗಡನ್ನು ಎಳೆಯುತ್ತದೆ. ಆ ಕುಗ್ಗಿದ್ದನ್ನು ಹಿಂದೆ ಡಾಲಿ ಎಂಬ ಉಕ್ಕಿನ ಗಟ್ಟಿ ಒತ್ತಿ ಹಿಡಿದು ಮುಂದಿನಿಂದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಹಿಗ್ಗಿಸಬೇಕು. ಕಣ್ಣಿಗಿಂತ ಅಂಗೈಗೆ ಇಲ್ಲಿ ಹೆಚ್ಚು ಕಾಣುತ್ತದೆ.

ಎಷ್ಟು ತಟ್ಟಿದರೂ ಉಳಿಯುವ ತಗ್ಗುಗಳಿಗೆ ಹಿಂದೆ ಸೀಸ ತುಂಬುತ್ತಿದ್ದರು. ಸುಮಾರು 70 ಪಾಲು ಸೀಸ, 30 ಪಾಲು ತವರದ ಮಿಶ್ರಲೋಹ. ಇದು ಬಿಸಿಯಾದಾಗ ಒಮ್ಮೆಲೇ ನೀರಾಗುವುದಿಲ್ಲ, ಬೆಣ್ಣೆಯಂತೆ ಮೆದುವಾಗಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಷ್ಟರಲ್ಲಿ ಕೊಬ್ಬು ಸವರಿದ ಮರದ ಸಟ್ಟುಗದಿಂದ ಹರಡಬೇಕು, ತಣಿದ ಮೇಲೆ ಅರದಿಂದ ಉಜ್ಜಬೇಕು. ಸ್ಯಾಮ್ ಬ್ಯಾರಿಸ್ ತನ್ನ 1949ರ ಮರ್ಕ್ಯುರಿ ಕಾರಿನ ಮಾಡನ್ನು ಕತ್ತರಿಸಿ ತಗ್ಗಿಸಿದ ಕಾಲದಲ್ಲಿ ಸುಂದರ ಮೈಗಳೆಲ್ಲ ಹೀಗೆಯೇ ಆದವು. ಅಂಥ ಭಾರದ ಕಾರುಗಳಿಗೆ "ಸೀಸದ ಜಾರುಬಂಡಿ" ಎಂದೇ ಹೆಸರು ಬಿತ್ತು. ಆ ಹೊಗೆ, ಆ ಪುಡಿ ಕೆಲಸಗಾರರ ಮೈಗೆ ಸೇರುತ್ತಿತ್ತು ಎಂಬುದನ್ನು ಹೊಳೆಯುವ ಫೋಟೋಗಳು ಹೇಳುವುದಿಲ್ಲ.

1950ರ ದಶಕದಲ್ಲಿ ಪಾಲಿಯೆಸ್ಟರ್ ಪುಟ್ಟಿ ಬಂತು. ಎರಡು ಬಗೆ ಕಲಸಿ ಹಚ್ಚಿದರೆ ನಿಮಿಷಗಳಲ್ಲಿ ಗಟ್ಟಿ. ಒಳ್ಳೆಯ ತಗಡಿನ ಮೇಲೆ ತೆಳುವಾಗಿ ಹಚ್ಚಿದರೆ ಅದರಲ್ಲಿ ದೋಷವಿಲ್ಲ. ಆದರೆ ತುಕ್ಕಿನ ತೂತಿಗೆ ಕಾಗದ, ಜಾಲರಿ ತುರುಕಿ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದು ಮಾರುವವರೂ ಹುಟ್ಟಿಕೊಂಡರು. ಪುಟ್ಟಿ ತೇವ ಹೀರುತ್ತದೆ, ಹಿಂದಿನಿಂದ ತುಕ್ಕು ಬೆಳೆಯುತ್ತದೆ, ಒಂದು ದಿನ ಇಡೀ ಹಾಳೆ ಕಳಚಿ ಬೀಳುತ್ತದೆ. ಅದಕ್ಕೇ ಹಳೆಯ ಕಾರು ಕೊಳ್ಳುವವರು ಕಿಸೆಯಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗುವ ರೂಢಿ. ಅಂಟದಿದ್ದರೆ ಅಲ್ಲಿ ಉಕ್ಕಿಲ್ಲ!

ಅದೇ ದಶಕದ ಕೊನೆಗೆ ಫೈಬರ್‌ಗ್ಲಾಸ್ ಮೈಗಳು ಮಾರುಕಟ್ಟೆಗೆ ಬಂದವು. ತುಕ್ಕಿನ ಗೊಡವೆಯೇ ಬೇಡ. 1970ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಮೊದಲ ರಾಷ್ಟ್ರಮಟ್ಟದ ಸ್ಟ್ರೀಟ್ ರಾಡ್ ಮೇಳ ನಡೆಯಿತು, 1973ರಲ್ಲಿ ಅಮೆರಿಕನ್ ಗ್ರಾಫಿಟಿ ಚಿತ್ರದ ಹಳದಿ 1932 ಫೋರ್ಡ್ ಹೊಸ ತಲೆಮಾರಿಗೆ ಹುಚ್ಚು ಹಿಡಿಸಿತು. ಹಳೆಯ ಉಕ್ಕಿನ ಮೈಗಳ ಬೆಲೆ ಏರಿತು. ಒಹಾಯೋದ ಬ್ರೂಕ್‌ವಿಲ್ಲಿನ ಒಂದು ಸಂಸ್ಥೆ 1970ರ ದಶಕದಲ್ಲಿ ತುಕ್ಕು ಹಿಡಿಯುವ ಭಾಗಗಳ ತೇಪೆ ತಗಡುಗಳನ್ನು ಒತ್ತತೊಡಗಿ, ಮುಂದೆ ಮಾಡೆಲ್ ಎ, 1932 ರೋಡ್‌ಸ್ಟರುಗಳ ಇಡೀ ಉಕ್ಕಿನ ಮೈಯನ್ನೇ ಹೊಸದಾಗಿ ತಯಾರಿಸಿತು.

ಇಲ್ಲಿಗೆ ಒಂದು ತಕರಾರು ಎದ್ದಿತು, ಅದು ಇನ್ನೂ ಮುಗಿದಿಲ್ಲ. ನೆಲ ಹೊಸದು, ಬಾಗಿಲಿನ ತಳ ಹೊಸದು, ಹಿಂಬದಿ ಹೊಸದು. ಹಾಗಾದರೆ ಇದು 1932ರ ಕಾರೇ? ಫೋರ್ಡ್ ಕಂಪನಿ ಆಗ ಕ್ರಮಸಂಖ್ಯೆ ಕೆತ್ತಿದ್ದು ಮೈಯ ಮೇಲಲ್ಲ, ಚಾಸಿಯ ಉಕ್ಕಿನ ಮೇಲೆ. ದಾಖಲೆಯ ಲೆಕ್ಕದಲ್ಲಿ ಕಾರಿನ ಗುರುತು ಅಲ್ಲೇ. ಆದರೆ ಮೇಳಗಳಲ್ಲಿ ಜನ ನೋಡುವುದು ಮೈಯನ್ನು. ಪೂರ್ತಿ ಹೊಸ ಮೈಯ ಕಾರಿಗಿಂತ ನೂರು ತೇಪೆಯ ಹಳೆಯ ಮೈಗೆ ಹೆಚ್ಚು ಮರ್ಯಾದೆ ಕೊಡುವವರು ಅನೇಕರಿದ್ದಾರೆ. ನನ್ನ ಮತವೂ ಅವರ ಕಡೆಗೇ. ಹೊಸ ಮೈಯನ್ನು ದುಡ್ಡು ಕೊಟ್ಟವರೆಲ್ಲ ತರಬಹುದು, ತೇಪೆ ಕಾಣದಂತೆ ಬೆಸೆಯಲು ಕೈ ಪಳಗಿರಬೇಕು. ಜೀನ್ ವಿನ್‌ಫೀಲ್ಡ್ ಎಂಬ ಹೆಸರಾಂತ ಕಸುಬುದಾರ 2025ರಲ್ಲಿ ತೀರಿಕೊಂಡ, ತೊಂಬತ್ತು ದಾಟಿತ್ತು. ಮುಪ್ಪಿನಲ್ಲೂ ಊರೂರು ತಿರುಗಿ ಲೋಹದ ಕೆಲಸ ಕಲಿಸುತ್ತಿದ್ದವನು.

ಮರುವಾರ ತರಗತಿಯಲ್ಲಿ ನನ್ನ ಉತ್ತರ ತಪ್ಪಾಗಿತ್ತೆಂದು ಹೇಳಿ ಈ ಕಥೆಯನ್ನೆಲ್ಲ ಹೇಳಿದೆ. ಚುಕ್ಕೆ ಬೆಸುಗೆಯ ವಿಷಯಕ್ಕೆ ಬಂದಾಗ ಆ ಹುಡುಗ ಎದ್ದು ನಿಂತ. "ಒಂದೇ ಕಡೆ ಎಳೆದರೆ ತಗಡು ಹಪ್ಪಳ ಆಗ್ತದೆ ಸಾರ್," ಎಂದ. ನಾನು ಅರ್ಧ ಗಂಟೆ ಹೇಳಿದ್ದನ್ನು ಒಂದು ಮಾತಿನಲ್ಲಿ ಹೇಳಿದ್ದ! ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಲು ಕರೆದೆ, ಬಂದ.

ಅವನ ಅಪ್ಪ ಒಂದು ಶನಿವಾರ ಬಂದು ಗೇಟಿನ ಅಡಿಯನ್ನು ಒಂದು ಅಡಿ ಎತ್ತರಕ್ಕೆ ಕತ್ತರಿಸಿ ಹೊಸ ಕೊಳವೆ ಕೂಡಿಸಿ ಬೆಸೆದುಕೊಟ್ಟರು. ಹೋಗುವ ಮುಂಚೆ ಕೊಳವೆಯ ತಳಕ್ಕೆ ಎರಡು ಸಣ್ಣ ತೂತು ಕೊರೆದರು. ಏಕೆಂದು ನಾನು ಕೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಆರನೆಯ ತರಗತಿಯ ಹುಡುಗಿ ಕೇಳಿದಳು, ಮಗನೇ ಉತ್ತರ ಕೊಟ್ಟ.