ದುಡ್ಡು ಕೊಟ್ಟು ಕೇಳಿದ ರೇಡಿಯೋ: ವರ್ಲ್ಡ್‌ಸ್ಪೇಸ್ ಕಥೆ

ರೇಡಿಯೋ ಅಂದ್ರೆ ಪುಕ್ಕಟೆ ಅನ್ನೋದು ನಮ್ಮೆಲ್ಲರ ಲೆಕ್ಕ. ಆದ್ರೆ ಫೋನಿನಲ್ಲಿ ಹಾಡು ಸ್ಟ್ರೀಮ್ ಆಗೋಕೆ ಮುಂಚೆನೇ ನಮ್ಮ ಬೆಂಗಳೂರಲ್ಲಿ ಚಂದಾ ಕಟ್ಟಿ ರೇಡಿಯೋ ಕೇಳೋರಿದ್ರು. ಆ ರೇಡಿಯೋ ವರ್ಲ್ಡ್‌ಸ್ಪೇಸ್. ಇವತ್ತು ಅದರ ಕಥೆ ಹೇಳ್ತೀನಿ.

1990ರಲ್ಲಿ ಇದನ್ನು ಶುರು ಮಾಡಿದವರು ಇಥಿಯೋಪಿಯಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಕಾನೂನು ಓದಿದ ನೋಹ್ ಸಮಾರಾ. ಆಫ್ರಿಕಾದ ಜನಕ್ಕೆ ಏಡ್ಸ್ ಬಗ್ಗೆ ಮಾಹಿತಿ ತಲುಪಿಸಬೇಕು ಅನ್ನೋದು ಅವರ ಮೂಲ ಯೋಚನೆ. ಊರೂರಿಗೆ ಟವರ್ ಹಾಕೋ ಬದಲು ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದು ಉಪಗ್ರಹ ಇಟ್ಟರೆ ಇಡೀ ಖಂಡಕ್ಕೆ ಕೇಳಿಸುತ್ತೆ. 1998ರಲ್ಲಿ ಆಫ್ರಿಸ್ಟಾರ್, 2000ದಲ್ಲಿ ನಮ್ಮ ಕಡೆಗೆ ಏಷ್ಯಾಸ್ಟಾರ್ ಹಾರಿದವು.

ಭಾರತದ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇತ್ತು. ಕರ್ನಾಟಕ ಸಂಗೀತಕ್ಕೆ ಶ್ರುತಿ, ಹಿಂದೂಸ್ತಾನಿಗೆ ಗಂಧರ್ವ, ಕನ್ನಡಕ್ಕೆ ಸ್ಪರ್ಶ ಅಂತ ಚಾನೆಲ್‌ಗಳು. ಪ್ರಚಾರಕ್ಕೆ ಎ.ಆರ್. ರೆಹಮಾನ್. 2001ರಲ್ಲಿ ಬೆಂಗಳೂರಿಗೆ ಖಾಸಗಿ ಎಫ್ಎಂ ಬಂದಿತ್ತು, ಅದೂ ಪುಕ್ಕಟೆ. ಆದ್ರೆ ದಿನವಿಡೀ ಶಾಸ್ತ್ರೀಯ ಸಂಗೀತ ಬೇಕು ಅನ್ನೋ ಕೆಲವೇ ಜನರಿಗಾಗಿ ಯಾವ ಜಾಹೀರಾತುದಾರ ದುಡ್ಡು ಹಾಕ್ತಾನೆ? ಕೇಳುವವರೇ ಹಾಕಬೇಕು. ಚಂದಾ ರೇಡಿಯೋದ ತರ್ಕ ಇಷ್ಟೇ.

ಅಮೆರಿಕದಲ್ಲಿ ಈ ತರ್ಕ ಗೆದ್ದಿತು. ಎಕ್ಸ್‌ಎಂ 2001ರಲ್ಲಿ, ಸಿರಿಯಸ್ 2002ರಲ್ಲಿ ಶುರುವಾದವು. ಕಾರ್ ಕಂಪನಿಗಳು ಫ್ಯಾಕ್ಟರಿಯಲ್ಲೇ ರಿಸೀವರ್ ಕೂರಿಸಿ ಕೊಟ್ಟವು. ದೊಡ್ಡ ಕಟ್ಟಡಗಳ ನಡುವೆ ಸಿಗ್ನಲ್ ತಪ್ಪದಿರಲಿ ಅಂತ ನಗರಗಳಲ್ಲಿ ನೆಲದ ಮೇಲೂ ರಿಪೀಟರ್ ಹಾಕಿದರು. 2008ರಲ್ಲಿ ಎರಡೂ ಕಂಪನಿ ಒಂದಾದಾಗ ಚಂದಾದಾರರು ಒಂದೂಮುಕ್ಕಾಲು ಕೋಟಿ ದಾಟಿದ್ದರು.

ನಮ್ಮಲ್ಲಿ? ಕಿಟಕಿ ಹತ್ತಿರ ಆಂಟೆನಾ ಇಟ್ಟು ಪೂರ್ವದ ಕಡೆ ತಿರುಗಿಸಬೇಕು. ಗೋಡೆಯೋ ಮರವೋ ಅಡ್ಡ ಬಂದ್ರೆ ಹಾಡು ನಿಂತಿತು. ರಿಪೀಟರ್ ಜಾಲ ಇಲ್ಲದೆ ಕಾರು, ಬಸ್ಸಿನಲ್ಲಿ ಕೇಳೋ ಮಾತೇ ಇಲ್ಲ. ಮೊದಲು ರಿಸೀವರ್‌ಗೆ ದುಡ್ಡು, ಆಮೇಲೆ ಚಂದಾ. ಬಿ.ಕಾಂ ಓದಿದ ನನಗೆ ಕಾಣೋ ಲೆಕ್ಕ ಇದು: ಸಾವಿರ ಜನ ಕೇಳಿದ್ರೂ ಕೋಟಿ ಜನ ಕೇಳಿದ್ರೂ ಉಪಗ್ರಹದ ಖರ್ಚು ಅಷ್ಟೇ. ಜನ ಸಾಲದಿದ್ರೆ ಸಾಲ ಏರುತ್ತೆ. 2008ರ ಅಕ್ಟೋಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದರ ಚಂದಾದಾರರಲ್ಲಿ ಬಹುಪಾಲು ಭಾರತದವರೇ ಆಗಿದ್ದರೂ 2009ರ ಡಿಸೆಂಬರ್ 31ಕ್ಕೆ ಇಲ್ಲಿನ ಸೇವೆ ಮುಗಿಯಿತು.

ಕ್ಯಾಸೆಟ್ ಕಂಪನಿ ಬಾಗಿಲು ಹಾಕಿದ್ರೆ ಕ್ಯಾಸೆಟ್ ಮನೆಯಲ್ಲಿ ಉಳಿಯುತ್ತೆ. ವರ್ಲ್ಡ್‌ಸ್ಪೇಸ್ ಮುಚ್ಚಿದಾಗ ವರ್ಷಗಟ್ಟಲೆ ಚಂದಾ ಕಟ್ಟಿದವರ ಹತ್ತಿರ ಒಂದು ಹಾಡೂ ಉಳಿಯಲಿಲ್ಲ. ಅವರು ಕೊಂಡಿದ್ದು ಹಾಡನ್ನಲ್ಲ, ಕೇಳೋ ಅವಕಾಶವನ್ನ. ಇವತ್ತು ನಾವು ಆ್ಯಪ್‌ಗೆ ತಿಂಗಳು ತಿಂಗಳು ಕಟ್ಟೋದೂ ಅದೇ ಬಾಡಿಗೆ. ಕಟ್ಟಬೇಡಿ ಅಂತ ನಾನು ಹೇಳಲ್ಲ, ಕೆಲವೇ ಜನ ಕೇಳೋ ದನಿಗಳು ಬದುಕೋದು ಅದರಿಂದಲೇ. ಆದ್ರೆ ತುಂಬಾ ಇಷ್ಟವಾದದ್ದರ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.

ಮುಂದಿನ ವಾರ ಸಿಗೋಣ.