ಬಾಕಿಯ ಅಂಕಣ

ಬೆಂಗಳೂರಿನ ಮಲ್ಲೇಶ್ವರದ ಅಂಚಿನಲ್ಲಿ ಮೊದಲಾಗುವ ಶ್ರೀರಾಂಪುರವು ಬಹುಕಾಲ ಮಿಲ್ಲಿನ ಸಿಳ್ಳಿಗೆ ಎದ್ದು ಮಿಲ್ಲಿನ ಸಿಳ್ಳಿಗೆ ಮಲಗಿದ ನೆರೆ. 1884ರಲ್ಲಿ ಸ್ಥಾಪಿತವಾಗಿ ಅನಂತರ ಬಿನ್ನಿ ಕಂಪೆನಿಯ ಕೈಗೆ ಬಂದ ಬಟ್ಟೆಯ ಗಿರಣಿಯೂ, ಸಂಪಿಗೆ ರಸ್ತೆಯ ತುದಿಯಲ್ಲಿ ಇಂದು ಮಾಲ್ ತಲೆಯೆತ್ತಿರುವೆಡೆಯಲ್ಲಿದ್ದ ರಾಜಾ ಮಿಲ್ಲೂ ಈ ಸುತ್ತಿನ ಸಂಸಾರಗಳಿಗೆ ಅನ್ನವಿಟ್ಟುವು. ಅಂಥ ಮನೆಯ ಮಗನು ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿಗೆ ಹೋಗುತ್ತೇನೆಂದು ಹಟಹಿಡಿದ ದಿನ ತಂದೆಗೆ ಉಂಟಾದ ಹಿಗ್ಗಿನ ಬೆನ್ನಿಗೇ, ಫೀಸಿಗೆ ಯಾರ ಬಳಿ ಕೈಯೊಡ್ಡಲಿ ಎಂಬ ಅಳುಕೂ ಇದ್ದಿತು. ಆ ಮಗನನ್ನು ಸೇರಿಸಿಕೊಂಡ ಸಣ್ಣ ಖಾಸಗಿ ಕಾಲೇಜಿನ ಒಳಗೂ ಅಂಥದೇ ಅಳುಕಿದ್ದಿತೆಂಬುದನ್ನು ಬರೆದವರು ಕಡಮೆ.

ಬೆಂಗಳೂರಿನಲ್ಲಿ ಉನ್ನತ ವಿದ್ಯೆಯು ಮೊದಮೊದಲು ಹೆಚ್ಚಾಗಿ ಸರ್ಕಾರದ ಕಾರ್ಯವಾಗಿದ್ದಿತು. 1858ರಷ್ಟು ಹಿಂದೆಯೇ ಮೊದಲಾದ ಸೆಂಟ್ರಲ್ ಕಾಲೇಜಿಗೂ, 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೂ ಬೊಕ್ಕಸದ ಬೆಂಬಲವಿದ್ದಿತು. ಊರಿನ ವಕೀಲರೂ ಉಪಾಧ್ಯಾಯರೂ ಕೂಡಿ ಕಟ್ಟಿದ ಸಂಘಗಳಿಗೆ ಅದಿರಲಿಲ್ಲ. ಬಸವನಗುಡಿಯ ನ್ಯಾಷನಲ್ ಸಂಸ್ಥೆಯ ಕಾಲಗಣನೆಯನ್ನೇ ನೋಡಿ: ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಚಳವಳಿಯಿಂದ 1917ರಲ್ಲಿ ಪ್ರೌಢಶಾಲೆಯು ತಲೆಯೆತ್ತಿದುದಾದರೂ ಕಾಲೇಜು ಕೂಡಿಬಂದುದು 1945ರಲ್ಲಿ. ನಡುವಣ ಇಪ್ಪತ್ತೆಂಟು ವರ್ಷಗಳನ್ನು ಉತ್ಸಾಹದ ಅಭಾವಕ್ಕೆ ಎಣಿಸುವುದು ತಪ್ಪಾದೀತು. ಶಾಲೆಗೆ ಕೊಠಡಿ, ಕರಿಹಲಗೆ, ಮೇಷ್ಟ್ರು ಇದ್ದರೆ ಸಾಕು. ಕಾಲೇಜಿಗೋ, ಪ್ರಯೋಗಶಾಲೆ ಬೇಕು, ಗ್ರಂಥಾಲಯ ಬೇಕು, ಇವನ್ನೆಲ್ಲ ಕಂಡು ಒಪ್ಪುವ ವಿಶ್ವವಿದ್ಯಾನಿಲಯದ ಸಂಯೋಜನೆಯೂ ಬೇಕು. ಇವಕ್ಕೆಲ್ಲ ಹಣವನ್ನು ಒಬ್ಬ ವಿದ್ಯಾರ್ಥಿಯೂ ಬಾರದ ಮುನ್ನವೇ ಸುರಿಯತಕ್ಕದ್ದು.

ಸುರಿಯುವವರು ಯಾರು? ಬೆಳಗಾವಿಯ ಸೀಮೆಯಲ್ಲಿ ಇದಕ್ಕೆ ಒಂದು ಉತ್ತರವಿದ್ದಿತು. 1916ರಲ್ಲಿ ಏಳು ಮಂದಿ ಉಪಾಧ್ಯಾಯರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದಾಗ ಆ ಪ್ರಾಂತದ ದೇಸಾಯರೂ ಸಂಸ್ಥಾನಿಕರೂ ಕೈಸಡಿಲಿಸಿ ಕೊಟ್ಟರು; 1933ರ ಅವರ ಕಾಲೇಜು ಶಿರಸಂಗಿಯ ಲಿಂಗರಾಜರ ಹೆಸರನ್ನು ಇಂದಿಗೂ ಹೊತ್ತಿದೆ. ಮಣಿಪಾಲದ ಟಿ.ಎಂ.ಎ. ಪೈಗಳು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಮನೆಮನೆಯಿಂದ ಕೂಡಿಸಿದ ಬ್ಯಾಂಕಿನವರು. ಅವರು 1953ರಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದಾಗ ಪ್ರವೇಶದ ಹಂತದಲ್ಲೇ ದೊಡ್ಡ ಮೊತ್ತವನ್ನು ಪಡೆದು ಕಟ್ಟಡವೆಬ್ಬಿಸುವ ದಾರಿಯೂ ಕಂಡಿತು. ಡಾಕ್ಟರಾಗಲಿರುವವನ ತಂದೆ ಜಮೀನು ಮಾರಿಯಾದರೂ ಕೊಟ್ಟಾನು. ಗುಮಾಸ್ತೆಯ ಕೆಲಸಕ್ಕಾಗಿ ಬಿ.ಕಾಂ. ಓದುವ ಹುಡುಗನಿಗಾಗಿ ಯಾರು ಮಾರಿಯಾರು? ಬೆಂಗಳೂರಿನ ಕಲಾ, ವಾಣಿಜ್ಯ ಕಾಲೇಜುಗಳಿಗೆ ದೇಸಾಯರೂ ಇಲ್ಲ, ಡೊನೇಷನ್ನೂ ಇಲ್ಲ ಎಂಬ ಸ್ಥಿತಿಯು ಹೀಗೆ ಒದಗಿತು.

ಉಳಿದ ದಾರಿ ಸರ್ಕಾರದ ಅನುದಾನ. ಅದೋ, ಮೊದಲು ಖರ್ಚುಮಾಡಿ, ಲೆಕ್ಕಪತ್ರವನ್ನು ಒಪ್ಪಿಸಿ, ತನಿಖೆಯಾದ ಬಳಿಕ ಕೈಸೇರುವ ಹಣ. ಜೂನಿನಲ್ಲಿ ಬಂದ ಫೀಸು ಕೆಲವು ತಿಂಗಳಲ್ಲೇ ಕರಗಿ, ಅನುದಾನದ ಆದೇಶವು ಇನ್ನೂ ಮೇಜಿನಿಂದ ಮೇಜಿಗೆ ಚಲಿಸುತ್ತಿರುವ ಆ ನಡುವಣ ತಿಂಗಳುಗಳಲ್ಲಿ ಆಡಳಿತ ಮಂಡಲಿಗೆ ಸಾಲ ಕೊಟ್ಟವರು ಬ್ಯಾಂಕಿನವರಲ್ಲ, ಸಾಹುಕಾರರೂ ಅಲ್ಲ. ಸಂಬಳವು ತಡವಾದರೂ ಬೆಳಗ್ಗೆ ಹತ್ತಕ್ಕೆ ತರಗತಿಗೆ ಬಂದು ಹಾಜರಿ ಕರೆದ ಅಧ್ಯಾಪಕರು. ಬಡ್ಡಿಯಿಲ್ಲದ, ಪತ್ರವಿಲ್ಲದ ಆ ಸಾಲವೇ ಇಲ್ಲಿನ ಖಾಸಗಿ ಕಾಲೇಜುಗಳ ನಿಜವಾದ ಮೂಲಧನವೆಂದು ನಾನು ಬಗೆದಿದ್ದೇನೆ. ಗೌರಿಬಿದನೂರಿನ ಕಡೆಯ ಹೊಸೂರಿನಿಂದ ಎರಡು ದಿನ ನಡೆದು ಬೆಂಗಳೂರಿಗೆ ಓದಲು ಬಂದ ಎಚ್. ನರಸಿಂಹಯ್ಯನವರು 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆಗಿ, 2005ರಲ್ಲಿ ಕಣ್ಮುಚ್ಚುವವರೆಗೂ ಅದೇ ಕಾಲೇಜಿನ ಹಾಸ್ಟೆಲಿನ ಕೋಣೆಯೊಂದರಲ್ಲಿಯೇ ಬಾಳಿದುದನ್ನು ನಾವು ಸರಳ ಜೀವನವೆಂದು ಕೊಂಡಾಡುತ್ತೇವೆ. ಲೆಕ್ಕಿಗನ ಕಣ್ಣಿಗೆ ಅದು ಸಂಸ್ಥೆಯು ಎಂದೂ ತೀರಿಸಬೇಕಾಗಿ ಬಾರದ ದೊಡ್ಡ ಸಾಲ. ಸಂಸಾರವಂದಿಗನಾದ ಸಾಮಾನ್ಯ ಅಧ್ಯಾಪಕನಿಂದ ಅಂಥದನ್ನು ನಿರೀಕ್ಷಿಸುವುದು ನ್ಯಾಯವೇ ಎಂಬುದು ಬೇರೆಯ ಪ್ರಶ್ನೆ.

ಶ್ರೀರಾಂಪುರದ ನೆರೆಯ ಶೇಷಾದ್ರಿಪುರದಲ್ಲಿ 1930ರಲ್ಲಿ ಸಣ್ಣ ಪ್ರಾಥಮಿಕ ಶಾಲೆಯಾಗಿ ಮೊದಲಾದ ಸಂಸ್ಥೆಯು ಮೆಟ್ಟಲು ಮೆಟ್ಟಲಾಗಿ ಏರಿ ಕಾಲೇಜುಗಳನ್ನು ಕಂಡಿತು, ಉತ್ತರದ ಕೆ.ಎಲ್.ಇ.ಯೇ 1963ರಲ್ಲಿ ರಾಜಾಜಿನಗರಕ್ಕೆ ಬಂದು ಕಾಲೇಜು ತೆರೆಯಿತು. ಮರುವರ್ಷ ಬೆಂಗಳೂರು ವಿಶ್ವವಿದ್ಯಾಲಯವು ಹುಟ್ಟಿ, ಸಂಯೋಜನೆಯ ಕಾಗದಕ್ಕಾಗಿ ಮೈಸೂರಿನ ರೈಲು ಹತ್ತುವುದೂ ತಪ್ಪಿತು. ಅನುದಾನಿತ ಹುದ್ದೆಯ ವೇತನವನ್ನು ಸರ್ಕಾರವೇ ಭರಿಸತೊಡಗಿದ ಮೇಲೆ ಹಳೆಯ ಕಾಲೇಜುಗಳು ಸ್ವಲ್ಪ ಉಸಿರಾಡಿದುವು. ತಡವಾಗಿ ಹುಟ್ಟಿದವುಗಳ ಪಾಡು ಬೇರೆ. 1984ರಲ್ಲಿ ತಲೆವರಿ ಶುಲ್ಕವನ್ನು ನಿಷೇಧಿಸುವ ಶಾಸನ ಬಂದಿತು, ಅದು ಬೇಕಾದುದೇ. ಆದರೆ ಆ ದಶಕವು ಮುಗಿಯುವುದರೊಳಗೆ ಹೊಸ ಸಂಸ್ಥೆಗಳಿಗೆ ಅನುದಾನದ ಬಾಗಿಲೂ ಮುಚ್ಚುತ್ತ ಬಂದು, 'ಅನುದಾನರಹಿತ' ಎಂಬ ಪದವು ನೇಮಕಾತಿಯ ಜಾಹೀರಾತುಗಳಲ್ಲಿ ಜಾತಿಯ ಹೆಸರಿನಂತೆ ನೆಲೆಗೊಂಡಿತು. ಮಿಲ್ಲುಗಳ ಸಿಳ್ಳೂ ಒಂದೊಂದಾಗಿ ನಿಂತಿತು.

ಇತ್ತೀಚಿನ ಪೆಟ್ಟು ನಿಯಮಗಳದು. 2021ರಲ್ಲಿ ರಾಜ್ಯವು ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ತಂದಿತು. 2024ರಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ದೊಡ್ಡ ಸಂಸ್ಥೆಗೆ ಇದು ವೇಳಾಪಟ್ಟಿಯ ತಿದ್ದುಪಡಿ. ಮೂರು ಕೊಠಡಿಯ ಕಾಲೇಜಿಗೆ ನಾಲ್ಕನೆಯ ಕೊಠಡಿಯನ್ನು ಬಾಡಿಗೆಗೆ ಹಿಡಿಯಬೇಕೋ ಬಿಡಬೇಕೋ ಎಂಬ ಚಿಂತೆ.

ಮೊನ್ನೆ ಶ್ರೀರಾಂಪುರದ ಮೆಟ್ರೋ ನಿಲ್ದಾಣದಿಂದ ಇಳಿದು, ಅಂಗಡಿಗಳ ಮೇಲಣ ಮಹಡಿಯಲ್ಲಿರುವ ಅಂಥದೊಂದು ಕಾಲೇಜಿಗೆ ಪರಿಚಿತರೊಬ್ಬರನ್ನು ಕಾಣಲು ಹೋಗಿದ್ದೆ. ಕೆಳಗಿನ ಬೇಕರಿಯ ಬನ್ನಿನ ಕಂಪು ಮೆಟ್ಟಲಿನುದ್ದಕ್ಕೂ ಏರಿ ಬರುತ್ತಿದ್ದಿತು. ಫೀಸಿನ ಕಿಟಕಿಯ ಮುಂದೆ ಆಟೋ ಚಾಲಕರ ಖಾಕಿ ಅಂಗಿ ತೊಟ್ಟಿದ್ದ ತಂದೆಯೊಬ್ಬರು ಮಡಿಸಿದ ನೋಟುಗಳನ್ನು ಬಿಡಿಸಿ ಎಣಿಸಿಕೊಟ್ಟು, "ಉಳಿದದ್ದು ಹದಿನೈದನೇ ತಾರೀಕು ಕೊಡ್ತೀನಮ್ಮಾ" ಎಂದರು. "ಆಗ್ಲಿ ಯಜಮಾನ್ರೆ, ಹಾಲ್ ಟಿಕೆಟ್ ಬರೋದ್ರೊಳಗೆ ಕಟ್ಬಿಡಿ" ಎಂದು ಕಿಟಕಿಯೊಳಗಿನ ಗುಮಾಸ್ತೆ ರಸೀತಿಯನ್ನು ಹರಿದುಕೊಟ್ಟರು. ಆಮೇಲೆ ದೊಡ್ಡ ಪುಸ್ತಕವನ್ನು ಹತ್ತಿರಕ್ಕೆಳೆದು, ಸಂದ ಮೊತ್ತವನ್ನು ಪೆನ್ನಿನಿಂದಲೂ, ಬಾಕಿಯ ಅಂಕಣದಲ್ಲಿ ಉಳಿದುದನ್ನು ಪೆನ್ಸಿಲಿನಿಂದಲೂ ಬರೆದರು. ಆ ಪುಟದಲ್ಲಿ ಪೆನ್ಸಿಲಿನ ಬರೆಹವೇ ಹೆಚ್ಚಾಗಿದ್ದಿತು.